ಆಯಿ ಹೊದ್ದ ಶಾಲು

ಮುದ್ದೇಬಿಹಾಳದ ಬಸ್ ನಿಲ್ದಾಣದ ಎದುರಿಗಿರುವ ಖಾನಾವಳಿಯಿಂದ ಹೋದ ವಾರ ಬಿಸಿ ರೊಟ್ಟಿಯ ವಾಸನೆ ಬಂತು. ಬರೀ ರೊಟ್ಟಿಯದಾಗಿದ್ದರೆ ನಾನು ಸುಮ್ಮನೆ ವಿಜಯಪುರದ ಬಸ್ಸು ಹತ್ತಿ, ಅಲ್ಲಿಂದ ಇಂಡಿಗೆ, ನನ್ನ ಮನೆಗೆ ಹೋಗಿಬಿಡುತ್ತಿದ್ದೆ. ಆದರೆ ಜೊತೆಗೆ ಹಸಿ ಕಟ್ಟಿಗೆಯ ಹೊಗೆ ಇತ್ತು. ಜಿಟಿಜಿಟಿ ಮಳೆ ಆಗಷ್ಟೇ ನಿಂತು ಎರೆಮಣ್ಣಿನ ವಾಸನೆಯೂ ಎದ್ದಿತ್ತು. ಈ ಮೂರೂ ಕೂಡಿದರೆ ನನಗೆ ಒಂದೇ ಒಂದು ಶ್ರಾವಣ ನೆನಪಾಗುತ್ತದೆ. ಕಾಲು ತಾನಾಗಿ ತಂಗಡಗಿ ಕಡೆಗೆ ಹೋಗುವ ಬಸ್ಸಿನತ್ತ ನಡೆಯಿತು. ಯಾವೂರು ಎಂದು ಕಂಡಕ್ಟರ್ ಕೇಳಿದಾಗ ಊರ ಹೆಸರು ಹೇಳಿದೆ. ಇಲ್ಲಿ ಮಾತ್ರ ಹೇಳುವುದಿಲ್ಲ. ಇಲ್ಲಿ ಬರುವ ಜನರ ಹೆಸರುಗಳೂ ನಾನೇ ಇಟ್ಟವು. ಇದು ನನ್ನ ಉದ್ಯೋಗ ಕಲಿಸಿದ ಚಟ, ಇನ್ನು ಬಿಡುವ ಹಾಗೆ ಕಾಣುವುದಿಲ್ಲ.

ಆ ವರ್ಷ ನಾನು ಮುದ್ದೇಬಿಹಾಳದ ಕಡೆಗೆ ಆಪ್ತಸಮಾಲೋಚಕಿಯಾಗಿ ಹೋಗಿದ್ದೆ. ಎಚ್‌ಐವಿ ಪರೀಕ್ಷೆಗೆ ಬಂದವರ ಜೊತೆ ಮಾತಾಡುವುದು, ಸೋಂಕು ಇದೆಯೆಂದು ಗೊತ್ತಾದವರಿಗೆ ಧೈರ್ಯ ಹೇಳಿ ಗುಳಿಗೆಗೆ ಹಚ್ಚುವುದು, ನಡುವೆ ಗುಳಿಗೆ ಬಿಟ್ಟವರ ಬೆನ್ನು ಹತ್ತುವುದು ನನ್ನ ಕೆಲಸ. ಇದರಲ್ಲಿ ಬಾಯಿ ತೆರೆಯುವುದಕ್ಕಿಂತ ಮುಚ್ಚಿಕೊಂಡಿರುವುದೇ ಹೆಚ್ಚು. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುವವರು, ಕೇಳುವವರು ಯಾರೂ ಇಲ್ಲ. ಅಂಥ ಮನೆಯಿಂದ ಬಂದ ನನ್ನನ್ನು ಯಾರು ಈ ಕೆಲಸಕ್ಕೆ ಆರಿಸಿದರೋ! ಸಂತೆಯಲ್ಲಿ ನನ್ನ ಬಳಿಗೆ ಬರುವವರು ಎದುರಾದರೆ ಗುರುತೇ ಇಲ್ಲದವಳಂತೆ ಬದನೆಕಾಯಿ ಆರಿಸುತ್ತಾ ನಿಲ್ಲಬೇಕಿತ್ತು. ಎಷ್ಟೋ ಸಲ ಬೇಡದ ಬದನೆಕಾಯಿ ಕೊಂಡು ಮನೆಗೆ ಬಂದಿದ್ದೇನೆ.

ಗುರುಬಾಯಿ ಹಾಗೆ ನನ್ನ ಬಳಿಗೆ ಬರುತ್ತಿದ್ದ ಹೆಣ್ಣುಮಗಳು. ಗಂಡ ದುಡಿಯಲು ಸೋಲಾಪುರದ ಕಡೆಗೆ ಹೋಗಿ, ಕಾಯಿಲೆಯಿಂದ ತಿರುಗಿ ಬಂದು, ತೀರಿಕೊಂಡಿದ್ದ. ಆಮೇಲೆ ಪರೀಕ್ಷೆ ಮಾಡಿಸಿದಾಗ ಈಕೆಗೂ ಇತ್ತು. ಗುಳಿಗೆ ತಪ್ಪಿಸುತ್ತಿರಲಿಲ್ಲ, ಮೈಕೈ ತುಂಬಿಕೊಂಡು ಗಟ್ಟಿಯಾಗಿದ್ದಳು, ಹೊಲದ ಕೆಲಸ ನನಗಿಂತ ನಾಲ್ಕು ಪಟ್ಟು ಮಾಡುತ್ತಿದ್ದಳು. ಒಬ್ಬಳೇ ಮಗಳನ್ನು ಸಿಂದಗಿ ಕಡೆಗೆ ಕೊಟ್ಟಿದ್ದಳು. ಬೀಗರಿಗೆ ವಿಷಯ ಗೊತ್ತಿರಲಿಲ್ಲ. ಊರಿಗೂ ಗೊತ್ತಿರಲಿಲ್ಲ, ಆದರೆ ಊರು ಗಂಡ ಸತ್ತ ರೀತಿ ನೋಡಿ ತಾನೇ ಕೂಡಿಸಿ ಕಳೆದು ಗುಸುಗುಸು ಹಚ್ಚಿತ್ತು.

ಆ ಸಲ ಆಷಾಢ ಮುಗಿಯುವ ಹೊತ್ತಿಗೆ ಬಂದವಳು ನನ್ನ ಮುಂದೆ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಗುಳಿಗೆ ಮೈಗೆ ಒಗ್ಗಲಿಲ್ಲವೇನೋ ಎಂದು ನಾನು ಗಾಬರಿಯಾದೆ.

"ಗುಳಿಗಿದು ಏನೂ ಇಲ್ರಿ ಅಕ್ಕಾರ," ಅಂದಳು. "ಮಠದ ಒಲಿ ಮುಂದಿಂದ ನನ್ನ ಎಬ್ಬಿಸ್ಯಾರ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಊರ ಮಠದಲ್ಲಿ ಶ್ರಾವಣ ತಿಂಗಳಿಡೀ ಸಂಜೆ ಪುರಾಣ ನಡೆಯುತ್ತದೆ, ಪುರಾಣ ಮುಗಿದ ಮೇಲೆ ಊರಿಗೆಲ್ಲ ಊಟ. ರೊಟ್ಟಿ ಬಡಿಯುವುದು ಓಣಿಯ ಹೆಂಗಸರ ಪಾಳಿ. ಮಠದ ಹಿಂದಿನ ಛಪ್ಪರದಲ್ಲಿ ಉದ್ದಕ್ಕೆ ಒಲೆ ಹೂಡಿರುತ್ತಾರೆ. ಅಲ್ಲಿ ಒಬ್ಬೊಬ್ಬಳಿಗೂ ಒಂದು ಜಾಗ, ಅತ್ತೆಯಿಂದ ಸೊಸೆಗೆ ಬಂದ ಜಾಗ. ಗುರುಬಾಯಿಗೂ ಮದುವೆಯಾಗಿ ಬಂದಾಗಿನಿಂದ ಒಂದು ಒಲೆ ಇತ್ತು. ಈ ಸಲ ಓಣಿಯ ಹೆಂಗಸರ ಪರವಾಗಿ ಅವರ ಮುಂದಾಳು ಲಕ್ಕವ್ವ ನಯವಾಗಿ ಹೇಳಿದ್ದಳಂತೆ: "ನಿನಗ ಆರಾಮಿಲ್ಲ ಗುರುಬಾಯಿ, ಬೆಂಕಿ ಮುಂದ ಯಾಕ ಬೇಯ್ತಿ? ಮನ್ಯಾಗ ಕುಂದ್ರು, ಪ್ರಸಾದ ಕಳಸ್ತೀವಿ."

"ನನಗೇನಾಗೈತ್ರಿ?" ಎಂದು ಗುರುಬಾಯಿ ನನ್ನನ್ನು ಕೇಳಿದಳು. "ಈ ವರ್ಷ ಸಜ್ಜಿ ಹೊಲದ ಕಳೆ ತೆಗದಾಕಿ ನಾನ. ರೊಟ್ಟಿಯಿಂದ ಬರ್ತೈತೇನ್ರಿ ಅದು?"

"ಇಲ್ಲ," ಅಂದೆ. "ರೊಟ್ಟಿಯಿಂದ ಬರೂದಿಲ್ಲ, ಕೂಡಿ ಉಂಡ್ರೂ ಬರೂದಿಲ್ಲ."

"ನನಗ್ಯಾಕ ಹೇಳ್ತೀರಿ? ಅವ್ರಿಗೆ ಹೇಳ್ರಿ."

ಅದೇ ಸಮಸ್ಯೆ. ಅವರಿಗೆ ಹೇಳಲು ಹೋದರೆ ಯಾಕೆ ಹೇಳುತ್ತಿದ್ದೇನೆ ಎಂಬುದನ್ನೂ ಹೇಳಿದ ಹಾಗಾಗುತ್ತದೆ. ಗುರುಬಾಯಿಗೆ ಬೇಕಾಗಿದ್ದದ್ದು ಇಷ್ಟೇ, ಬಾಯಿ ಬಿಡದೆ ತನ್ನ ಒಲೆ ತನಗೆ ಸಿಗಬೇಕು. ಇದಕ್ಕಿಂತ ಚಿಕ್ಕ ಆಸೆಯನ್ನು ನನ್ನ ಮುಂದೆ ಯಾರೂ ಇಟ್ಟಿರಲಿಲ್ಲ. ಇಷ್ಟು ದೊಡ್ಡ ತಲೆನೋವನ್ನೂ ಯಾರೂ ತಂದಿರಲಿಲ್ಲ.

ಅದೇ ವಾರ ಬಸವನ ಬಾಗೇವಾಡಿಯಲ್ಲಿ ಧರ್ಮಗುರುಗಳಿಗೆ ಒಂದು ಸಭೆ ಇತ್ತು. ಎಚ್‌ಐವಿ ಇರುವವರನ್ನು ಜನ ದೂರ ಇಡುತ್ತಾರೆ, ನೀವು ಹೇಳಿದರೆ ಕೇಳುತ್ತಾರೆ ಎಂದು ಹೇಳುವ ಸಭೆ. ಮಾತಾಡಲು ನನ್ನನ್ನು ಕರೆದಿದ್ದರು. ಬಂದವರಲ್ಲಿ ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ಕಣ್ಣು ಮಿಟುಕಿಸದೆ ಕೇಳಿದವರು ಇಬ್ಬರು, ಅವರಿಬ್ಬರೂ ಗುರುಬಾಯಿಯ ಊರಿನವರೇ. ಒಬ್ಬರು ಮಠದ ಅಜ್ಜಾರು. ಆ ಕಡೆ ಸ್ವಾಮಿಗಳನ್ನು ವಯಸ್ಸು ಎಷ್ಟೇ ಇರಲಿ ಅಜ್ಜಾರು ಎನ್ನುತ್ತಾರೆ. ಇನ್ನೊಬ್ಬರು ಊರ ದರ್ಗಾ ನೋಡಿಕೊಳ್ಳುವ ಹುಸೇನಸಾಬ ಕಾಕಾ. ಇಬ್ಬರೂ ಒಂದೇ ಮೋಟಾರ್ ಸೈಕಲ್ ಮೇಲೆ ಬಂದಿದ್ದರು. ಓಡಿಸುವವರು ಅಜ್ಜಾರು, ಹಿಂದೆ ಕುಳಿತು ದಾರಿಯುದ್ದಕ್ಕೂ ಬೈಯುವವರು ಕಾಕಾ.

ಕಾಕಾ ಸಭೆಯಲ್ಲೇ ಎದ್ದು ನಿಂತು, "ನನ್ನ ಹಂತೇಲಿ ತಾಯತಕ್ಕ ಬರಾವ್ರಿಗೆ ನಾ ಮೊದಲ ಕೇಳ್ತೇನ್ರಿ, ದವಾಖಾನಿ ಗುಳಿಗಿ ತಗೋತೀರಿಲ್ಲೋ ಅಂತ. ಗುಳಿಗಿ ಬಿಟ್ಟವ್ರಿಗೆ ನನ್ನ ತಾಯತ ಕೆಲಸ ಮಾಡೂದಿಲ್ಲ," ಅಂದರು. ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು. ಅಜ್ಜಾರು ಮಾತ್ರ ಯೋಚಿಸುತ್ತಾ ಕುಳಿತಿದ್ದರು. ಆ ಯೋಚನೆ ಎಲ್ಲಿಗೆ ಮುಟ್ಟುತ್ತದೆ ಎಂಬ ಅಂದಾಜು ನನಗಿರಲಿಲ್ಲ.

ಮುಟ್ಟಿದ್ದು ಸನ್ಮಾನಕ್ಕೆ. ನಮ್ಮ ಕಡೆ ಗೌರವ ಅಂದರೆ ಸನ್ಮಾನವೇ. ನಿವೃತ್ತಿಯಾದವರಿಗೆ ಶಾಲು, ಪರೀಕ್ಷೆ ಪಾಸಾದವರಿಗೆ ಶಾಲು, ಶಾಲು ಕೊಟ್ಟವರಿಗೂ ಕೊನೆಗೊಂದು ಶಾಲು. ಅಜ್ಜಾರು ನನ್ನನ್ನು ಮಠಕ್ಕೆ ಕರೆಸಿ, ಶ್ರಾವಣದ ಪುರಾಣ ಮುಗಿಯುವ ಮಂಗಲದ ದಿನದ ಹಿಂದಿನ ಸಂಜೆ ಪುರಾಣದ ವೇದಿಕೆಯ ಮೇಲೆ ಈ ಸೋಂಕು ಇರುವವರನ್ನು ಕೂಡಿಸಿ, ತಾವು ಹಾರ ಹಾಕಿ ಕಾಕಾ ಶಾಲು ಹೊದಿಸುವುದೆಂದು ಹೇಳಿದರು. ಅವರ ಮುಖದ ತುಂಬ ಸಂತೋಷ ಇತ್ತು.

"ಹೆಸರು ಕೊಡು ತಂಗಿ," ಅಂದರು.

"ಕೊಡಾಕ ಬರೂದಿಲ್ರಿ ಅಜ್ಜಾರ."

"ಯಾಕ ಬರೂದಿಲ್ಲ? ಮರ್ಯಾದಿ ಮಾಡಾಕ ಕೇಳಾಕತ್ತೇನಿ, ಬೈಯ್ಯಾಕಲ್ಲ."

"ಕಾಯ್ದೆ ಐತ್ರಿ. ಯಾರಿಗೂ ಹೇಳೂವಂಗಿಲ್ಲ."

ಕಾಕಾ ಗಡ್ಡ ತುರಿಸಿಕೊಂಡರು. "ಹೆಸರಿಲ್ದ ಸನ್ಮಾನ ಹೆಂಗ ಆಕ್ಕೈತ್ರಿ ಅಕ್ಕಾರ? ಶಾಲು ಗಾಳಿಗೆ ಹೊದಸೂದೇನು?"

"ಸನ್ಮಾನನ ಬ್ಯಾಡ್ರಿ," ಅಂದೆ. "ವೇದಿಕಿ ಮ್ಯಾಲೆ ಬಂದ್ರ ಮಂದಿ ಮೊಬೈಲ್‌ದಾಗ ಹಿಡಿದು ಸಿಂದಗಿತನಕ ಕಳಸ್ತಾರ." ಸಿಂದಗಿ ಅಂದದ್ದು ಬಾಯಿ ತಪ್ಪಿ. ಅವರಿಗೆ ಅದು ಹೊಳೆಯಲಿಲ್ಲ, ಪುಣ್ಯ.

ಅಜ್ಜಾರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಿತ್ತು. ಅವರು ನಿಧಾನವಾಗಿ ಕೇಳಿದರು: "ನೀ ಸಭಾದಾಗ ಏನ ಹೇಳಿದಿ? ಇದು ನಾಚಿಕಿ ಪಡೂ ರೋಗ ಅಲ್ಲ ಅಂದಿ. ಈಗ ಮುಚ್ಚಿಡ್ರಿ ಅಂತಿ. ನಾಚಿಕಿ ಇಲ್ದದ್ದನ್ನ ಮುಚ್ಚಿಡೂದ್ಯಾಕ? ನನಗ ತಿಳೀವಲ್ದು."

ನನಗೂ ತಿಳಿಯಲಿಲ್ಲ. ಬಸ್ಸಿಗೆ ಕಾಯುತ್ತಾ ನಿಂತಾಗ ಹೊಳೆಯ ಕಡೆಯಿಂದ ತಣ್ಣಗಿನ ಗಾಳಿ ಬೀಸುತ್ತಿತ್ತು, ಆಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಕೃಷ್ಣೆ ಕೆಂಪಾಗಿ ಎರಡೂ ದಂಡೆ ತುಂಬಿ ಹರಿಯುತ್ತಿದ್ದಳು. ಚಪ್ಪಲಿಗೆ ಎರೆಮಣ್ಣು ಮೆತ್ತಿ ಕಾಲು ಕೀಳಲಾಗುತ್ತಿರಲಿಲ್ಲ. ಮುಚ್ಚಿಟ್ಟಷ್ಟೂ ಅದು ಪಾಪದ ಕಾಯಿಲೆ ಎಂಬ ಮಾತು ಬೆಳೆಯುತ್ತದೆ. ತೆರೆದಿಟ್ಟರೆ ಬೆಲೆ ತೆರಬೇಕಾದವರು ಅಜ್ಜಾರೂ ಅಲ್ಲ, ನಾನೂ ಅಲ್ಲ. ಒಳ್ಳೆಯದನ್ನು ಮಾಡಲೇಬೇಕೆಂದು ಹಟ ಹಿಡಿದವರನ್ನು ತಡೆಯುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ತಡೆಯಬೇಕೋ ಬೇಡವೋ ಎಂಬುದೇ ಗೊತ್ತಿಲ್ಲದಿದ್ದರಂತೂ ಕೇಳುವುದೇ ಬೇಡ.

ಗುರುಬಾಯಿಗೆ ಹೇಳಿದೆ. ಮೊದಲು ಎರಡೂ ಕೈ ಮುಗಿದು ಬೇಡವೇ ಬೇಡ ಅಂದಳು. ಮತ್ತೊಮ್ಮೆ ಗುಳಿಗೆಗೆ ಬಂದಾಗ ತಾನೇ ಆ ಮಾತು ಎತ್ತಿದಳು.

"ಹತ್ತಿ ಬಿಡ್ಲೇನ್ರಿ ಅಕ್ಕಾರ? ಅಜ್ಜಾರ ಕೈಲೆ ಹಾರ ಹಾಕಿಸ್ಕೊಂಡಾಕಿನ್ನ ಒಲಿ ಮುಂದಿಂದ ಎಬ್ಬಸಾಕ ಲಕ್ಕವ್ವಗ ಧೈರ್ಯ ಆಕ್ಕೈತೇನು?"

"ಮಗಳ ಮನಿ?"

"ಅದ ನೋಡ್ರಿ ಮತ್ತ." ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ನೀವ ಹೇಳ್ರಿ. ಓದಿದಾಕಿ ನೀವು."

ನಿರ್ಧಾರ ನಿನ್ನದು ಎಂದು ಹೇಳಬೇಕೆಂದು ನಮಗೆ ಕಲಿಸಿರುತ್ತಾರೆ. ಹೇಳಿದೆ. ಅಷ್ಟು ನಿರುಪಯೋಗಿ ಮಾತನ್ನು ನಾನು ಬೇರೆ ಯಾವತ್ತೂ ಆಡಿಲ್ಲ. ಆಕೆ ತಲೆಯಾಡಿಸಿ ಎದ್ದು ಹೋದಳು, ಯಾವ ಕಡೆಗೆ ತಲೆಯಾಡಿಸಿದಳೆಂದು ನನಗೆ ತಿಳಿಯಲಿಲ್ಲ.

ಅಜ್ಜಾರು ಕೊನೆಗೆ ಒಂದು ದಾರಿ ಕಂಡುಕೊಂಡಿದ್ದರು. ಯಾರ ಹೆಸರನ್ನೂ ಕರೆಯುವುದಿಲ್ಲ, ಶಾಲು ಕುರ್ಚಿಯ ಮೇಲೆ ಇರುತ್ತದೆ, ಬರಬೇಕೆನ್ನಿಸಿದವರು ತಾವಾಗಿ ಬರಲಿ, ಬಾರದಿದ್ದರೆ ಶಾಲು ಮಠದ ಹಿರಿಯ ಗುರುಗಳ ಗದ್ದುಗೆಗೆ. ಶಾಲನ್ನು ಕಾಕಾ ಸೋಲಾಪುರದಿಂದ ತರಿಸಿದ್ದರು. ಸನ್ಮಾನದ ಜಾಳುಜಾಳು ಶಾಲಲ್ಲ, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುವ ಉಣ್ಣೆಯ ಶಾಲು. "ಸಂದೂಕದಾಗ ಇಡೂ ಶಾಲು ಬ್ಯಾಡ್ರಿ, ಹೊದಿಯೂದಿರ್ಲಿ," ಅಂದರು.

ಸನ್ಮಾನದ ದಿನ ಮಧ್ಯಾಹ್ನದಿಂದ ಹನಿ ನಿಂತಿರಲಿಲ್ಲ. ಮಠದ ಅಂಗಳಕ್ಕೆ ತಾಡಪತ್ರಿ ಕಟ್ಟಿದ್ದರು, ಅದರ ಹೊಟ್ಟೆಯಲ್ಲಿ ನೀರು ತುಂಬಿ ಜೋತು ಬಿದ್ದಿತ್ತು. ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ನಾನು ಹೆಂಗಸರ ಸಾಲಿನ ತುದಿಯಲ್ಲಿ, ಕಂಬಕ್ಕೆ ಒರಗಿ ಕುಳಿತೆ. ಗುರುಬಾಯಿ ನಡುವಿನಲ್ಲಿದ್ದಳು, ಮಗ್ಗುಲಲ್ಲಿ ನೀಲವ್ವ ಆಯಿ. ಆಯಿ ಊರಿಗೆಲ್ಲ ಹಿರಿಯಳು, ಹಲ್ಲಿಲ್ಲದ ಬಾಯಿಯ, ಕಡ್ಡಿಯಂತಹ ಮುದುಕಿ. ಮಂಗಲದ ದಿನ ಮಠದ ಮೊದಲ ರೊಟ್ಟಿ ಆಕೆಯ ಕೈಯದೇ. ಆ ರೊಟ್ಟಿಯನ್ನು ಗದ್ದುಗೆಗೆ ಇಟ್ಟು, ಆಮೇಲೆ ಚೂರು ಮಾಡಿ ಎಲ್ಲ ಬುಟ್ಟಿಗಳಲ್ಲಿ ಬೆರೆಸಿದ ಮೇಲೆಯೇ ಊರು ಉಣ್ಣುವುದು. ಪುರಾಣ ಕೇಳುತ್ತಾ ತೂಕಡಿಸುವುದು ಆಯಿಯ ಪದ್ಧತಿ, ಅವತ್ತೂ ತೂಕಡಿಸುತ್ತಿದ್ದಳು.

ಅಜ್ಜಾರು ಮೈಕಿನ ಮುಂದೆ ಬಂದರು. ಅವರ ದನಿ ಯಾವತ್ತಿನ ಹಾಗಿರಲಿಲ್ಲ. "ಈ ರೋಗ ಪಾಪದ ಫಲ ಅಂತ ಇದ ಜಾಗದಾಗ ನಿಂತು ನಾನೂ ಹೇಳೇನಿ. ತಪ್ಪ ಹೇಳೇನಿ. ರೋಗಕ್ಕ ಗುಳಿಗಿ ಐತಿ. ಮಂದಿ ದೂರ ಇಟ್ಟ ನೋವಿಗೆ ಗುಳಿಗಿ ಇಲ್ಲ, ಅದನ್ನ ನಾವ ವಾಸಿ ಮಾಡಬೇಕು." ಕಾಕಾ ಶಾಲನ್ನು ಕುರ್ಚಿಯ ಮೇಲಿಟ್ಟು, ಇದು ದರ್ಗಾದ ಮತ್ತು ಮಠದ ಕಡೆಯಿಂದ, ನಮ್ಮ ನಡುವೆ ಇರುವ ನಮ್ಮವರಿಗೆ ಅಂದರು. ಆಮೇಲೆ ಇಬ್ಬರೂ ಪಕ್ಕಕ್ಕೆ ಸರಿದು ಕಾದರು.

ಜನ ಹಿಂದೆ ತಿರುಗಿ ತಿರುಗಿ ನೋಡಿದರು. ಅಲ್ಲಲ್ಲಿ ಮೊಬೈಲುಗಳು ಮೇಲೆದ್ದವು. ನನ್ನ ಕಣ್ಣು ಗುರುಬಾಯಿಯ ಮೇಲೆಯೇ ಇತ್ತು. ಆಕೆ ಒಂದು ಕೈಯನ್ನು ನೆಲಕ್ಕೆ ಊರಿದಳು, ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಏಳುತ್ತಾಳೆ ಅಂದುಕೊಂಡೆ. ಏಳಲಿ ಅಂತಲೂ ಅನ್ನಿಸಿತು, ಬೇಡ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಅವಳ ಮಗ್ಗುಲಿನಿಂದ ನೀಲವ್ವ ಆಯಿ ಎದ್ದು ನಿಂತಳು.

ಎದ್ದು, ಕೂತವರ ನಡುವೆ ದಾರಿ ಮಾಡಿಕೊಳ್ಳುತ್ತಾ, ವೇದಿಕೆಯ ಮೆಟ್ಟಿಲು ಹತ್ತಿ, ಕುರ್ಚಿಯ ಮುಂದೆ ನಿಂತು, "ಎಲ್ಲಿ, ಹೊದಸ್ರಿ. ಥಂಡಿ ಭಾಳ ಐತಿ," ಅಂದಳು. ಮೈಕಿನಲ್ಲಿ ಅದು ಊರಿಗೆಲ್ಲ ಕೇಳಿತು.

ಯಾರೋ ನಕ್ಕರು, ಯಾರೋ ಸುಮ್ಮನಿರಿ ಎಂದು ಗದರಿದರು. ಅಜ್ಜಾರು ಕಾಕಾನ ಮುಖ ನೋಡಿದರು, ಕಾಕಾ ಅಜ್ಜಾರ ಮುಖ ನೋಡಿದರು. ಕೊಡುವುದಿಲ್ಲ ಎಂದು ಹೇಳುವುದು ಹೇಗೆ? ನಿನಗೆ ರೋಗ ಇದೆಯೇನು ಎಂದು ಮೈಕಿನ ಮುಂದೆ ಕೇಳುವುದು ಹೇಗೆ? ಕಾಕಾ ಶಾಲು ಹೊದಿಸಿದರು, ಅಜ್ಜಾರು ಹಾರ ಹಾಕಿದರು. ಆಯಿ ಹಾರವನ್ನು ತೆಗೆದು ಕುರ್ಚಿಯ ಮೇಲಿಟ್ಟು, ಶಾಲನ್ನು ಬಿಗಿಯಾಗಿ ಸುತ್ತಿಕೊಂಡು ಇಳಿದು ಬಂದಳು. ಗುರುಬಾಯಿ ಕೂತಲ್ಲೇ ಕೂತಿದ್ದಳು.

ಊಟದ ಗದ್ದಲದಲ್ಲಿ ಅಜ್ಜಾರು ನನ್ನನ್ನು ಪಕ್ಕಕ್ಕೆ ಕರೆದರು. "ಖರೆ ಹೇಳು ತಂಗಿ, ಆಯಿಗೂ ಐತೇನು?"

ಇಲ್ಲ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಆದರೆ ಇವತ್ತು ಒಬ್ಬರಿಗೆ ಇಲ್ಲ ಅಂದರೆ ನಾಳೆ ಇನ್ನೊಬ್ಬರ ವಿಷಯಕ್ಕೆ ಸುಮ್ಮನಾದಾಗ ಅದು ಹೌದು ಅಂದ ಹಾಗೇ. "ಯಾರ ಬಗ್ಗೆನೂ ನಾ ಏನೂ ಹೇಳೂದಿಲ್ರಿ ಅಜ್ಜಾರ," ಅಂದೆ. ಅವರು ಹಣೆ ಒತ್ತಿಕೊಂಡರು. ಹೊರಗೆ ಊರಿಗೆ ಊರೇ ಅದೇ ಪ್ರಶ್ನೆ ಕೇಳಿಕೊಳ್ಳುತ್ತಿತ್ತು. ಮುದುಕಿಗೆ ಮರುಳು ಎಂದರು ಕೆಲವರು. ಪುಕ್ಕಟೆ ಶಾಲು ಅಂದುಕೊಂಡಳು ಎಂದರು ಕೆಲವರು. ಇದ್ದರೂ ಇರಬಹುದು, ಯಾರ ಮೈಯಲ್ಲಿ ಏನಿದೆಯೋ ಯಾರಿಗೆ ಗೊತ್ತು ಎಂದು ಲಕ್ಕವ್ವನೇ ಹೇಳಿದ್ದನ್ನು ನನ್ನ ಕಿವಿಯಿಂದ ಕೇಳಿದೆ.

ಮರುದಿನ ಬೆಳಿಗ್ಗೆ ಮಂಗಲಕ್ಕೆ ನಾನು ಮೊದಲ ಬಸ್ಸಿಗೇ ಹೋದೆ. ಛಪ್ಪರದಲ್ಲಿ ಒಲೆ ಉರಿಯುತ್ತಿದ್ದವು, ಹಸಿ ಕಟ್ಟಿಗೆಯ ಹೊಗೆಗೆ ಎಲ್ಲರ ಕಣ್ಣೂ ಕೆಂಪು. ಒಬ್ಬರೂ ರೊಟ್ಟಿ ಬಡಿಯಲು ಶುರು ಮಾಡಿರಲಿಲ್ಲ, ಆಯಿ ಬರಬೇಕಿತ್ತು. ಬಂದಳು, ಶಾಲು ಹೊದ್ದುಕೊಂಡೇ. ತನ್ನ ಒಲೆಯ ಮುಂದೆ ಕುಳಿತು ಪರಾತ ಎಳೆದುಕೊಂಡಳು, ಹಿಟ್ಟಿಗೆ ಕೈ ಹಾಕಿ ತೆಗೆದಳು.

"ಕೈ ನೋಯಾಕತ್ತಾವ. ಗುರುಬಾಯಿ ಎಲ್ಲಿ? ಬಾ ಇಲ್ಲಿ, ಹಿಟ್ಟು ನಾದು."

ಬಾಗಿಲ ಹತ್ತಿರ, ಹೊರಗೂ ಅಲ್ಲದೆ ಒಳಗೂ ಅಲ್ಲದೆ ನಿಂತಿದ್ದ ಗುರುಬಾಯಿ ಲಕ್ಕವ್ವನ ಮುಖ ನೋಡಿದಳು. ಎಲ್ಲರೂ ಲಕ್ಕವ್ವನ ಮುಖವನ್ನೇ ನೋಡಿದರು. ಪಾಪ, ಆಕೆಯ ಫಜೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಗುರುಬಾಯಿಯನ್ನು ಬೇಡವೆಂದರೆ ನಿನ್ನೆ ಊರೆದುರು ಶಾಲು ಹೊದ್ದ ಆಯಿಯನ್ನೂ ಎಬ್ಬಿಸಬೇಕು. ಆಯಿಯನ್ನು ಎಬ್ಬಿಸಿದರೆ ಮೊದಲ ರೊಟ್ಟಿ ಇಲ್ಲ, ಮೊದಲ ರೊಟ್ಟಿ ಇಲ್ಲದೆ ಮಂಗಲವಿಲ್ಲ. ಆಯಿ ಯಾರ ಮುಖವನ್ನೂ ನೋಡದೆ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು.

"ನಿಂತೀಯೇನ ಗುರುಬಾಯಿ? ಹೊತ್ತಾತು," ಅಂದಳು ಲಕ್ಕವ್ವ ಕೊನೆಗೆ, ಯಾರನ್ನೋ ಬೈಯುವ ದನಿಯಲ್ಲಿ.

ಗುರುಬಾಯಿ ನಾದಿದಳು, ಆಯಿ ಬಡಿದಳು. ಆ ರೊಟ್ಟಿ ಗದ್ದುಗೆ ಮುಟ್ಟಿ ಬಂದು ಚೂರಾಗಿ ಎಲ್ಲ ಬುಟ್ಟಿಗಳಿಗೂ ಬಿತ್ತು. ಛಪ್ಪರದಲ್ಲಿ ನಡೆದದ್ದು ಅವರ ಕಿವಿಗೂ ಬಿದ್ದಿತ್ತೇನೋ, ಪಂಕ್ತಿಯಲ್ಲಿ ಅಜ್ಜಾರು ಮತ್ತು ಕಾಕಾ ಅಕ್ಕಪಕ್ಕ ಕುಳಿತು, ಗುರುಬಾಯಿಯನ್ನೇ ಬಡಿಸಲು ಕರೆದು, ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಕೆಲವರು ಎಲೆ ಬಿಟ್ಟು ಎದ್ದದ್ದನ್ನೂ ನೋಡಿದೆ, ಇಲ್ಲ ಅನ್ನುವುದಿಲ್ಲ. ಉಳಿದವರು ಉಂಡರು. ತಿಳಿದು ಉಂಡರೋ, ನಾಚಿ ಉಂಡರೋ, ಹಸಿದು ಉಂಡರೋ ಹೇಳಲಾರೆ.

ಹೊರಡುವಾಗ ಆಯಿಯ ಹತ್ತಿರ ಕುಳಿತು ಕೇಳಿದೆ: "ಆಯಿ, ನಿನ್ನಿ ಯಾಕ ಎದ್ದಿ?"

"ಶಾಲು ಇಟ್ಟಿದ್ರಲ್ಲವ್ವಾ. ಯಾರೂ ಏಳವಲ್ರು. ನನಗ ಥಂಡಿ ಆಗಿತ್ತು." ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಅದಕ್ಕಿಂತ ಹೆಚ್ಚು ಏನೂ ಸಿಗಲಿಲ್ಲ. ಮುಂದಿನ ಬೇಸಿಗೆಗೆ ನನಗೆ ಇಂಡಿಗೆ ವರ್ಗವಾಯಿತು.

ಹೋದ ವಾರ ನಾನು ಇಳಿದಾಗ ಆ ಊರಲ್ಲಿ ಮತ್ತೆ ಶ್ರಾವಣ ನಡೆದಿತ್ತು. ಆಯಿ ತೀರಿಕೊಂಡು ಬಹಳ ದಿನವಾಗಿದೆ. ಕಾಕಾನ ಕಣ್ಣು ಮಂದವಾಗಿದೆ, ಅಜ್ಜಾರೇ ಕೈ ಹಿಡಿದು ಪುರಾಣಕ್ಕೆ ಕರೆತರುತ್ತಾರಂತೆ. ಛಪ್ಪರಕ್ಕೆ ತಗಡು ಬಂದಿದೆ. ಅದರ ಕೆಳಗೆ ಗುರುಬಾಯಿ ತನ್ನ ಒಲೆಯ ಮುಂದಿದ್ದಳು, ಕೂದಲು ನರೆತು, ಮೊದಲಿಗಿಂತ ದಪ್ಪವಾಗಿ. ಕೂರಲು ಮಡಚಿ ಹಾಕಿಕೊಂಡಿದ್ದು ಅದೇ ಶಾಲು. ಸಾಯುವ ಮೊದಲು ಆಯಿ ಅವಳಿಗೆ ಕೊಟ್ಟಿದ್ದಳಂತೆ.

"ಕುಂದ್ರ ಬರ್ರಿ ಅಕ್ಕಾರ," ಎಂದು ಶಾಲನ್ನೇ ಎಳೆದು ನನಗೂ ಹಾಸಿದಳು. ಮಗಳ ಮನೆಯ ಸುದ್ದಿ, ಗುಳಿಗೆಯ ಸುದ್ದಿ, ಮೊಮ್ಮಕ್ಕಳ ಸುದ್ದಿ ಮುಗಿದ ಮೇಲೆ ನಾನು ಆಯಿಯ ಮಾತು ತೆಗೆದೆ. ಆಕೆ ಬಡಿಯುವುದನ್ನು ನಿಲ್ಲಿಸಿದಳು.

"ಒಂದ ಮಾತು ಯಾರಿಗೂ ಹೇಳಿಲ್ರಿ. ಅವತ್ತ ನಾ ಏಳೂದು ಖರೇನ ಇತ್ತು. ನೆಲಕ್ಕ ಕೈ ಊರಿದ್ದೆ. ಅಷ್ಟ್ರಾಗ ಆಯಿ ನನ್ನ ಹೆಗಲ ಮ್ಯಾಲೆ ಕೈ ಇಟ್ಟು, ಒತ್ತಿ ಎದ್ಲು. ಏಳಾಕ ಆಧಾರ ಅಂತ ಒತ್ತಿದ್ಲೋ, ನೀ ಕುಂದ್ರು ಅಂತ ಒತ್ತಿದ್ಲೋ ಇವತ್ತಿಗೂ ನನಗ ತಿಳಿದಿಲ್ಲ."

"ಎಷ್ಟು ಒತ್ತಿದ್ಲು?" ಅಂದೆ.

ಗುರುಬಾಯಿ ಹಿಟ್ಟಿನ ಕೈಯನ್ನು ನನ್ನ ಹೆಗಲ ಮೇಲಿಟ್ಟು ಒತ್ತಿ ತೋರಿಸಿದಳು. ನಾನು ಏಳಲು ನೋಡಿದೆ, ಆಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದದ್ದು ಹೊಗೆಗೋ ಏನೋ, ಒರೆಸಿಕೊಳ್ಳಲಿಲ್ಲ.

"ಹೌದಿಲ್ರಿ? ನನಗೂ ಹಿಂಗ ಆಗಿತ್ತು," ಅಂದಳು ಗುರುಬಾಯಿ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ, "ಮತ್ತ ಆಯಿಗೆ ಮೊಣಕಾಲು ನೋವಿದ್ದದ್ದೂ ಖರೇನರಿ," ಅಂದಳು.